ಶರ್ಲಿ ಜಾಕ್ಸನ್ ಅವರ ‘ದಿ ಲಾಟರಿ’: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಲೇಖಕಿ ಜಾಕ್ಸನ್ ಅವರ ಈ ಸಣ್ಣಕಥೆಯ ಕೊನೆ ಬಿಟ್ಟುಕೊಡದೆ ಇಲ್ಲಿನ ಒಂದು ಪ್ರಶ್ನೆಗೂ ಉತ್ತರ ಹೇಳಲು ಬರುವುದಿಲ್ಲ. ಇನ್ನೂ ಓದದವರು ಮೊದಲು ಕಥೆ ಓದಿ ಬನ್ನಿ. ಇಂಗ್ಲಿಷಿನಲ್ಲಿ ಮೂರು ಸಾವಿರ ಚಿಲ್ಲರೆ ಪದ, ಅರ್ಧ ಗಂಟೆಯ ಕೆಲಸ.

ಕಥೆಯಲ್ಲಿ ನಡೆಯುವುದಾದರೂ ಏನು?

ಜೂನ್ 27ರ ಬೆಳಿಗ್ಗೆ, ಒಳ್ಳೆಯ ಬಿಸಿಲು. ಸುಮಾರು 300 ಜನರ ಒಂದು ಅಮೆರಿಕನ್ ಹಳ್ಳಿ. ಅಂಚೆ ಕಚೇರಿಗೂ ಬ್ಯಾಂಕಿಗೂ ನಡುವಿನ ಚೌಕದಲ್ಲಿ ಹತ್ತು ಗಂಟೆಗೆ ಊರೆಲ್ಲ ಸೇರುತ್ತದೆ. ಗಂಡಸರು ಬಿತ್ತನೆ, ಮಳೆ, ಟ್ರ್ಯಾಕ್ಟರ್, ತೆರಿಗೆ ಎಂದು ಮಾತಾಡುತ್ತಾರೆ; ಹುಡುಗರು ಕಲ್ಲು ಆರಿಸಿ ಗುಡ್ಡೆ ಹಾಕುತ್ತಾರೆ. ಪೆಟ್ಟಿಗೆಯಿಂದ ಚೀಟಿ ಎತ್ತುತ್ತಾರೆ. ಕಪ್ಪು ಚುಕ್ಕೆಯ ಚೀಟಿ ಟೆಸ್ಸಿ ಹಚಿನ್ಸನ್ ಎಂಬ ಗೃಹಿಣಿಗೆ ಬರುತ್ತದೆ. ಊರವರು, ಅವಳ ಮನೆಯವರೂ ಸೇರಿ, ಅವಳಿಗೆ ಕಲ್ಲು ಹೊಡೆಯುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರೂ ಮನೆಗೆ ಹೋಗಬಹುದಾದಂತೆ ಸಮಯ ಹೊಂದಿಸಿದ್ದಾರೆ ಎಂಬುದನ್ನು ಕಥೆ ಮೊದಲ ಪ್ಯಾರಾದಲ್ಲೇ ಹೇಳಿರುತ್ತದೆ.

ಚೀಟಿ ಎತ್ತುವ ಕ್ರಮ ಗೊಂದಲವಾಗುತ್ತದೆ. ಹಂತ ಹಂತವಾಗಿ ಹೇಳುತ್ತೀರಾ?

ಮೊದಲ ಸಲ ಓದುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಹಿಂದಿನ ರಾತ್ರಿ ಇಬ್ಬರು ಚೀಟಿ ತಯಾರಿಸುತ್ತಾರೆ: ಕಲ್ಲಿದ್ದಲು ವ್ಯಾಪಾರಿ ಸಮ್ಮರ್ಸ್ ಮತ್ತು ಪೋಸ್ಟ್‌ಮಾಸ್ಟರ್ ಗ್ರೇವ್ಸ್. ಒಂದೇ ಒಂದು ಚೀಟಿಯ ಮೇಲೆ ಸಮ್ಮರ್ಸ್ ದಪ್ಪ ಪೆನ್ಸಿಲ್‌ನಿಂದ ಕಪ್ಪು ಚುಕ್ಕೆ ಹಾಕುತ್ತಾನೆ, ಉಳಿದವೆಲ್ಲ ಖಾಲಿ. ಪೆಟ್ಟಿಗೆ ರಾತ್ರಿಯಿಡೀ ಅವನ ಕಂಪನಿಯ ತಿಜೋರಿಯಲ್ಲಿ ಭದ್ರವಾಗಿರುತ್ತದೆ. ಬೆಳಿಗ್ಗೆ ಪಟ್ಟಿ ಸಿದ್ಧವಾಗಬೇಕು: ಪ್ರತಿ ವಂಶದ ಹಿರಿಯ ಯಾರು, ಆ ವಂಶದಲ್ಲಿ ಎಷ್ಟು ಮನೆ, ಪ್ರತಿ ಮನೆಯ ಯಜಮಾನ ಯಾರು, ಮನೆಯಲ್ಲಿ ಯಾರ್‍ಯಾರಿದ್ದಾರೆ. ಆಮೇಲೆ ಲಾಟರಿ ನಡೆಸುವ ಅಧಿಕಾರಿಯಾಗಿ ಸಮ್ಮರ್ಸ್‌ಗೆ ಪೋಸ್ಟ್‌ಮಾಸ್ಟರ್ ಪ್ರಮಾಣವಚನ ಬೋಧಿಸುತ್ತಾನೆ.

ಮೊದಲ ಸುತ್ತಿನಲ್ಲಿ ಆಡಮ್ಸ್‌ನಿಂದ ಜಾನಿನಿವರೆಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರು ಕೂಗುತ್ತಾರೆ. ಒಂದು ವಂಶಕ್ಕೆ ಒಂದು ಚೀಟಿ, ಎತ್ತುವವನು ಅದರ ಹಿರಿಯ. ಎಲ್ಲರೂ ಎತ್ತಿ ಮುಗಿಸುವವರೆಗೆ ಯಾರೂ ಮಡಿಕೆ ಬಿಚ್ಚುವಂತಿಲ್ಲ. ಟೆಸ್ಸಿಯ ಗಂಡ ಬಿಲ್‌ಗೆ ಚುಕ್ಕೆ ಬರುತ್ತದೆ. ಈಗ ಆ ವಂಶದಲ್ಲಿ ಬೇರೆ ಮನೆಗಳಿವೆಯೇ ಎಂದು ಕೇಳುತ್ತಾರೆ. ಇದ್ದಿದ್ದರೆ ಮನೆಗಳ ನಡುವೆ ಇನ್ನೊಂದು ಸುತ್ತು ನಡೆಯಬೇಕಿತ್ತು. ಹಚಿನ್ಸನ್‌ರದು ಒಂದೇ ಮನೆ, ಹಾಗಾಗಿ ನೇರವಾಗಿ ಕೊನೆಯ ಸುತ್ತು. ಬಿಲ್ ಎತ್ತಿದ ಅದೇ ಚುಕ್ಕೆ ಚೀಟಿಯನ್ನು ಪೆಟ್ಟಿಗೆಗೆ ಮರಳಿ ಹಾಕಿ, ಜೊತೆಗೆ ನಾಲ್ಕು ಖಾಲಿ ಚೀಟಿ ಸೇರಿಸುತ್ತಾರೆ. ಉಳಿದ ಚೀಟಿಗಳನ್ನೆಲ್ಲ ಗ್ರೇವ್ಸ್ ನೆಲಕ್ಕೆ ಬಿಡುತ್ತಾನೆ, ಗಾಳಿ ಎತ್ತಿಕೊಂಡು ಹೋಗುತ್ತದೆ. ಮನೆಯ ಐವರೂ ಒಂದೊಂದು ಎತ್ತುತ್ತಾರೆ: ಪುಟ್ಟ ಡೇವಿ, ಹನ್ನೆರಡರ ನ್ಯಾನ್ಸಿ, ಬಿಲ್ ಜೂನಿಯರ್, ಟೆಸ್ಸಿ, ಕೊನೆಗೆ ಬಿಲ್. ಡೇವಿಯ ಚೀಟಿ ಖಾಲಿ ಎಂದಾಗ ಜನ ನಿಟ್ಟುಸಿರು ಬಿಡುತ್ತಾರೆ. ನ್ಯಾನ್ಸಿ ಮತ್ತು ಅಣ್ಣ ತಮ್ಮ ಚೀಟಿ ಬಿಚ್ಚಿ ನಗುತ್ತಾರೆ. ಇನ್ನು ಉಳಿದದ್ದು ಅಪ್ಪ ಇಲ್ಲವೇ ಅಮ್ಮ ಎಂದು ಅವರಿಗೆ ಆ ಕ್ಷಣದಲ್ಲಿ ಹೊಳೆದಿದೆಯೋ ಇಲ್ಲವೋ, ಲೇಖಕಿ ಒಂದು ಮಾತೂ ಆಡುವುದಿಲ್ಲ.

ಎಲ್ಲರಿಗೂ ಸಮಾನ ಅವಕಾಶ ಎಂದು ಊರವರು ಹೇಳುತ್ತಾರಲ್ಲ, ಅದು ನಿಜವೇ?

ಅಲ್ಲ. ವಂಶಕ್ಕೊಂದು ಚೀಟಿ ಎಂಬ ನಿಯಮದಿಂದಲೇ ಸಮಾನತೆ ಮುರಿದುಬೀಳುತ್ತದೆ. ಊರಲ್ಲಿ ಎಷ್ಟು ವಂಶಗಳಿವೆ ಎಂದು ಕಥೆ ಹೇಳುವುದಿಲ್ಲ. ಲೆಕ್ಕಕ್ಕೆ 60 ಎಂದಿಟ್ಟುಕೊಳ್ಳಿ. ಐದು ಜನರ ಒಂದೇ ಮನೆಯ ವಂಶದಲ್ಲಿ ಪ್ರತಿಯೊಬ್ಬರಿಗೂ ಅಪಾಯ 60ರಲ್ಲಿ ಒಂದರ ಐದನೇ ಒಂದು ಭಾಗ, ಅಂದರೆ 300ರಲ್ಲಿ 1. ಒಂಟಿಯಾಗಿರುವವನಿಗೆ 60ರಲ್ಲಿ 1. ಹತ್ತು ಜನರ ಮನೆಯವರಿಗೆ 600ರಲ್ಲಿ 1. ಮಕ್ಕಳಿಲ್ಲದ ದಂಪತಿಗೆ ತಲಾ 120ರಲ್ಲಿ 1. ಲಾಟರಿ ನಡೆಸುವ ಸಮ್ಮರ್ಸ್‌ಗೂ ಮಕ್ಕಳಿಲ್ಲ. ಹೆಚ್ಚು ಅಪಾಯದ ಗುಂಪಿನಲ್ಲಿ ಅವನೂ ಇದ್ದಾನೆ. ಅವನು ಮೋಸ ಮಾಡುತ್ತಿದ್ದಾನೆ ಎಂಬ ವಾದ ಆಗಾಗ ಕೇಳಿಬರುತ್ತದೆ. ಕಥೆಯಲ್ಲಿ ಅದಕ್ಕೆ ಆಧಾರವಿಲ್ಲ. ಮೋಸ ಇದ್ದಿದ್ದರೆ ಇದು ಮಾಮೂಲಿ ಅಪರಾಧ ಕಥೆಯಾಗಿ ಮುಗಿಯುತ್ತಿತ್ತು.

ಇದೇ ಲೆಕ್ಕದಿಂದ ಟೆಸ್ಸಿಯ ಒಂದು ಕೂಗಿನ ನಿಜವಾದ ತೂಕ ಗೊತ್ತಾಗುತ್ತದೆ. ಗಂಡನ ಚೀಟಿಯಲ್ಲಿ ಚುಕ್ಕೆ ಕಂಡೊಡನೆ ಅವಳು ಡಾನ್ ಮತ್ತು ಈವಾ ಕೂಡ ಎತ್ತಲಿ ಎಂದು ಕಿರುಚುತ್ತಾಳೆ. ಈವಾ ಅವಳ ಮದುವೆಯಾದ ಮಗಳು. ಅವರನ್ನು ಇನ್ನೊಂದು ಮನೆಯೆಂದು ಸೇರಿಸಿಕೊಂಡಿದ್ದರೆ ಮೊದಲು ಎರಡು ಮನೆಗಳ ನಡುವೆ ಒಂದು ಸುತ್ತು ನಡೆಯುತ್ತಿತ್ತು, ಟೆಸ್ಸಿಯ ಅಪಾಯ ಐದನೇ ಒಂದರಿಂದ ಹತ್ತನೇ ಒಂದಕ್ಕೆ ಇಳಿಯುತ್ತಿತ್ತು. ತಾಯಿಯೊಬ್ಬಳು ತನ್ನ ಜೀವಕ್ಕಾಗಿ ಮಗಳನ್ನು ಪೆಟ್ಟಿಗೆಯ ಮುಂದೆ ತಂದು ನಿಲ್ಲಿಸಲು ನೋಡುತ್ತಾಳೆ. ಮದುವೆಯಾದ ಹೆಣ್ಣು ಗಂಡನ ಮನೆಯ ಲೆಕ್ಕಕ್ಕೆ ಎಂದು ಸಮ್ಮರ್ಸ್ ಮೆಲ್ಲಗೆ ನಿಯಮ ನೆನಪಿಸುತ್ತಾನೆ. ಅವತ್ತು ಈವಾಳನ್ನು ಕಾಪಾಡಿದ್ದು ಆ ನಿಯಮವೇ.

ವಾರ್ನರ್ ಮುದುಕ 77 ಸಲ ಪಾರಾಗಿದ್ದಾನೆ. ಅದು ಸಾಧ್ಯವೇ?

ಧಾರಾಳವಾಗಿ. ವರ್ಷಕ್ಕೆ 300ರಲ್ಲಿ 1 ಎಂಬ ಅಪಾಯವನ್ನು 77 ವರ್ಷ ಎದುರಿಸಿದರೂ ಉಳಿಯುವ ಸಾಧ್ಯತೆ ನೂರಕ್ಕೆ ಸುಮಾರು 77. ಅಂದರೆ ಅವನ ಉಳಿವು ಪವಾಡವಲ್ಲ, ಅಂಥ ಊರಿನಲ್ಲಿ ಅದೇ ಸಾಮಾನ್ಯ. ಪದ್ಧತಿ ಉಳಿದುಕೊಂಡಿರುವುದಕ್ಕೆ ಒಂದು ಕಾರಣ ಈ ಲೆಕ್ಕದಲ್ಲೇ ಇದೆ. ಹೆಚ್ಚಿನವರಿಗೆ ಚುಕ್ಕೆ ಎಂದೂ ಬರುವುದಿಲ್ಲ, ಬಂದವರು ದೂರಲು ಉಳಿದಿರುವುದಿಲ್ಲ. ಅವನ ಕಣ್ಣೆದುರಿಗೇ ಹೀಗೆ 76 ಜನ ಹೋಗಿದ್ದಾರೆ, ಟೆಸ್ಸಿ 77ನೆಯವಳು. ಅವರ ಹೆಸರು ಒಂದನ್ನೂ ಯಾರೂ ಎತ್ತುವುದಿಲ್ಲ. ಹಿಂದಿನ ವರ್ಷ ಸತ್ತವರು ಯಾರೆಂದು ಕೂಡ ಕಥೆಯಲ್ಲಿ ಬರುವುದಿಲ್ಲ.

ಲಾಟರಿಯ ಉದ್ದೇಶವೇನು? ಬೆಳೆಗಾಗಿ ಕೊಡುವ ನರಬಲಿಯೇ?

ಒಂದು ಕಾಲಕ್ಕೆ ಹಾಗಿದ್ದಿರಬೇಕು. ಜೂನ್‌ನಲ್ಲಿ ಲಾಟರಿ ಆದರೆ ಮೆಕ್ಕೆಜೋಳದ ತೆನೆ ತೂಗುತ್ತದೆ ಎಂಬರ್ಥದ ಒಂದು ಹಳೆಯ ಗಾದೆಯನ್ನು ವಾರ್ನರ್ ಹೇಳುತ್ತಾನೆ. ಇಡೀ ಕಥೆಯಲ್ಲಿ ಕಾರಣದ ಸುಳಿವು ಅಷ್ಟೇ. ದೇವರ ಹೆಸರಿಲ್ಲ, ಪೂಜೆಯಿಲ್ಲ, ಅರ್ಚಕನಿಲ್ಲ. ಲಾಟರಿ ನಿಲ್ಲಿಸಿದರೆ ದೇವರು ಮುನಿಯುತ್ತಾನೆ ಎಂದು ಹೆದರುವವರೂ ಕಾಣುವುದಿಲ್ಲ. ಗುಹೆಯ ಬದುಕಿಗೆ ಮರಳುತ್ತಾರೆ ಎಂದು ವಾರ್ನರ್ ಗೊಣಗುವುದುಂಟು, ಆದರೆ ಅದು ಹೊಸತನದ ಮೇಲಿನ ಸಿಟ್ಟೇ ಹೊರತು ದೈವಭಯವಲ್ಲ.

ಪರೀಕ್ಷೆಯ ಉತ್ತರಗಳಲ್ಲಿ “ಇದು ಮೂಢನಂಬಿಕೆಯ ವಿರುದ್ಧದ ಕಥೆ” ಎಂಬ ವಾಕ್ಯ ತಪ್ಪದೆ ಬರುತ್ತದೆ. ಅದಕ್ಕೆ ನಮ್ಮ ಒಪ್ಪಿಗೆ ಅರ್ಧ ಮಾತ್ರ. ಮೂಢನಂಬಿಕೆ ಎನ್ನಲು ಮೊದಲು ನಂಬಿಕೆ ಇರಬೇಕು. ಇಲ್ಲಿ ನಂಬಿಕೆ ಎಂದೋ ಸತ್ತಿದೆ, ಕ್ರಮ ಮಾತ್ರ ಉಳಿದಿದೆ. ಅದನ್ನು ಉಳಿಸಿರುವುದು ಭಕ್ತಿಯಲ್ಲ. ಪಟ್ಟಿ, ತಿಜೋರಿ, ಪ್ರಮಾಣವಚನ, ಊಟದ ಹೊತ್ತು. ಊರಿನ ನೃತ್ಯ ಕೂಟವನ್ನೂ ಹದಿಹರೆಯದವರ ಕ್ಲಬ್ಬನ್ನೂ ನಡೆಸುವ ಸಮ್ಮರ್ಸ್ ಅದೇ ಹುರುಪಿನಲ್ಲಿ ಇದನ್ನೂ ನಡೆಸುತ್ತಾನೆ. ನಂಬಿಕೆ ಸುಳ್ಳೆಂದು ಸಾಬೀತು ಮಾಡಿ ಈ ಊರನ್ನು ತಿದ್ದಲು ಸಾಧ್ಯವಿಲ್ಲ, ಸುಳ್ಳೆಂದು ಸಾಬೀತು ಮಾಡಲು ಅವರು ಏನನ್ನೂ ನಂಬಿಯೇ ಇಲ್ಲ.

ಕಪ್ಪು ಪೆಟ್ಟಿಗೆಗೆ ಅಷ್ಟೊಂದು ಮಹತ್ವ ಏಕೆ?

ಮೂಲ ಪೆಟ್ಟಿಗೆ ಎಂದೋ ಕಳೆದುಹೋಗಿದೆ. ಈಗಿರುವುದನ್ನು ಅದಕ್ಕೂ ಹಿಂದಿನ ಪೆಟ್ಟಿಗೆಯ ಚೂರುಗಳನ್ನು ಸೇರಿಸಿ ಮಾಡಿದ್ದಂತೆ. ಬಣ್ಣ ಹೋಗಿದೆ, ಒಂದು ಬದಿ ಸೀಳಿ ಒಳಗಿನ ಮರ ಕಾಣುತ್ತಿದೆ. ಹೊಸದು ಮಾಡೋಣ ಎಂದು ಸಮ್ಮರ್ಸ್ ಪ್ರತಿ ವರ್ಷ ಮಾತು ತೆಗೆಯುತ್ತಾನೆ, ಮಾತು ಪ್ರತಿ ವರ್ಷ ತಣ್ಣಗಾಗುತ್ತದೆ. ಇದನ್ನು ಪೂಜ್ಯ ವಸ್ತು ಎಂದುಕೊಳ್ಳುವ ಮೊದಲು ಅದರ ಉಳಿದ ದಿನಗಳನ್ನೂ ನೋಡಿ: ಒಂದು ವರ್ಷ ಗ್ರೇವ್ಸ್‌ನ ಕೊಟ್ಟಿಗೆಯಲ್ಲಿ, ಇನ್ನೊಂದು ವರ್ಷ ಅಂಚೆ ಕಚೇರಿಯಲ್ಲಿ ಕಾಲಿಗೆ ತಾಗುತ್ತ, ಕೆಲವೊಮ್ಮೆ ಮಾರ್ಟಿನ್ ದಿನಸಿ ಅಂಗಡಿಯ ಶೆಲ್ಫ್ ಮೇಲೆ.

ಬದಲಾಗಿರುವುದೂ ಸಾಕಷ್ಟಿದೆ. ಮೊದಲು ಮರದ ಚಿಕ್ಕ ತುಂಡುಗಳಿದ್ದವು. ಜನಸಂಖ್ಯೆ ಹೆಚ್ಚಿ ಪೆಟ್ಟಿಗೆಯಲ್ಲಿ ಹಿಡಿಯದಾದಾಗ ಕಾಗದ ಬಂತು. ಹಿಂದೆ ಅಧಿಕಾರಿ ಹೇಳುತ್ತಿದ್ದ ಮಂತ್ರದಂಥ ಪಠಣ ಬಿಟ್ಟುಹೋಯಿತು, ಚೀಟಿ ಎತ್ತಲು ಬಂದವರಿಗೆ ಮಾಡುತ್ತಿದ್ದ ವಂದನೆಯೂ ಹೋಯಿತು. ಹಾಗಾಗಿ “ಸಂಪ್ರದಾಯ, ಬದಲಿಸಲಾಗದು” ಎಂಬ ಮಾತು ಈ ಊರಿನಲ್ಲೇ ಸುಳ್ಳು. ಅನುಕೂಲ ಕಂಡಲ್ಲೆಲ್ಲ ಬದಲಿಸಿದ್ದಾರೆ. ಕಲ್ಲನ್ನು ಮಾತ್ರ ಮರೆತಿಲ್ಲ.

ಕಲ್ಲೇ ಏಕೆ?

ಕಲ್ಲು ಹೊಡೆಯುವಾಗ ಕೊಂದವರು ಇಂಥವರೇ ಎಂದು ಹೇಳಲು ಬರುವುದಿಲ್ಲ. ನೇಣಿಗೆ ಒಬ್ಬ ಹಗ್ಗ ಎಳೆಯಬೇಕು, ಕತ್ತಿಯನ್ನು ಒಬ್ಬ ಬೀಸಬೇಕು. ಕಲ್ಲಿಗೆ ಇಡೀ ಊರು ಬೇಕು. ಆಯ್ಕೆಯ ಹೊಣೆಯನ್ನು ಚೀಟಿ ಹೊತ್ತುಕೊಂಡಿತು, ಕೊಲೆಯ ಹೊಣೆಯನ್ನು ಕಲ್ಲಿನ ಗುಡ್ಡೆ ಹಂಚಿಹಾಕುತ್ತದೆ. ಊರಿನ ಒಬ್ಬೊಬ್ಬರ ಕೈಯೂ ಶುದ್ಧವಾಗಿಯೇ ಉಳಿಯುತ್ತದೆ.

ಆ ಕೊನೆಯ ಅರ್ಧ ಪುಟವನ್ನು ನಿಧಾನವಾಗಿ ಓದಿ. ಬೆಳಿಗ್ಗೆ ಟೆಸ್ಸಿ ಪಾತ್ರೆ ತೊಳೆಯುವ ಗಡಿಬಿಡಿಯಲ್ಲಿ ದಿನ ಮರೆತು ಏಪ್ರನ್‌ಗೆ ಕೈ ಒರೆಸಿಕೊಳ್ಳುತ್ತ ಓಡಿಬಂದಾಗ ಅವಳ ಜೊತೆ ನಕ್ಕವಳು ಮಿಸೆಸ್ ಡೆಲಾಕ್ರಾಯ್. ಎರಡೂ ಕೈಯಲ್ಲಿ ಎತ್ತಬೇಕಾದಷ್ಟು ದೊಡ್ಡ ಕಲ್ಲನ್ನು ಆರಿಸುವವಳೂ ಅವಳೇ. ಗಂಡನ ಕಾಲು ಮುರಿದಿದ್ದರಿಂದ ತಾನೇ ಚೀಟಿ ಎತ್ತಿದ ಮಿಸೆಸ್ ಡನ್‌ಬಾರ್, ಕೈ ತುಂಬ ಸಣ್ಣ ಕಲ್ಲು ಹಿಡಿದು, ಓಡಲಾಗುತ್ತಿಲ್ಲ, ನೀನು ಮುಂದೆ ಹೋಗು ಎನ್ನುತ್ತಾಳೆ. ಇದು ದಣಿವೋ ಹಿಂಜರಿಕೆಯೋ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ದೊಡ್ಡ ಕಲ್ಲು ಬೇಗ ಮುಗಿಸುವ ದಯೆ ಎಂದು ಓದುವವರೂ ಇದ್ದಾರೆ. ಪುಟ್ಟ ಡೇವಿಯ ಕೈಗೂ ಯಾರೋ ಒಂದಷ್ಟು ಹರಳು ಕೊಡುತ್ತಾರೆ.

ಟೆಸ್ಸಿಯನ್ನು ಬಂಡಾಯಗಾರ್ತಿ ಎನ್ನಬಹುದೇ?

ಇಲ್ಲ. ಗಂಡನ ಹೆಸರು ಕೂಗಿದಾಗ, ಬೇಗ ಹೋಗು ಬಿಲ್ ಎಂದು ಹುರಿದುಂಬಿಸಿದವಳು ಅವಳೇ. ಅವಳ ದೂರು ಶುರುವಾಗುವುದು ಚುಕ್ಕೆ ತಮ್ಮ ಮನೆಗೆ ಬಂದ ಮೇಲೆ. ಆ ದೂರು ಕೂಡ ಬಿಲ್‌ಗೆ ಆರಿಸಲು ಸಮಯ ಕೊಡಲಿಲ್ಲ, ಮತ್ತೆ ಮೊದಲಿನಿಂದ ಎತ್ತಬೇಕು ಎಂಬುದೇ. ಮತ್ತೆ ಎತ್ತಿದ್ದರೆ ಇನ್ನೊಬ್ಬರು ಸಾಯುತ್ತಿದ್ದರು. ಲಾಟರಿಯೇ ಬೇಡ ಎಂದು ಅವಳು ಹೇಳುವುದಿಲ್ಲ. ಕೊನೆಯ ಕೂಗಿನಲ್ಲಿ, ಇದು ಸರಿಯಲ್ಲ ಎಂಬ ಮಾತು ಇನ್ನೊಂದು ಅಳತೆಗೆ ತಲುಪಿರಬಹುದು, ಅಷ್ಟು ಹೊತ್ತಿಗೆ ಕಲ್ಲು ಬಿದ್ದಾಗಿದೆ.

ಪ್ರಶ್ನೆಗೆ ಹತ್ತಿರ ಬರುವವರು ಆಡಮ್ಸ್ ದಂಪತಿ. ಉತ್ತರದ ಹಳ್ಳಿಯಲ್ಲಿ ಲಾಟರಿ ಬಿಡುವ ಮಾತು ನಡೆದಿದೆ ಎಂದು ಗಂಡ ಹೇಳುತ್ತಾನೆ, ಕೆಲವು ಕಡೆ ಆಗಲೇ ಬಿಟ್ಟಿದ್ದಾರೆ ಎಂದು ಹೆಂಡತಿ. ವಾರ್ನರ್ ಗದರಿದೊಡನೆ ಮಾತು ನಿಲ್ಲುತ್ತದೆ. ಕೊನೆಯ ಸಾಲುಗಳಲ್ಲಿ ಗುಂಪಿನ ಮುಂಚೂಣಿಯಲ್ಲಿರುವವರಲ್ಲಿ ಒಬ್ಬ ಅದೇ ಆಡಮ್ಸ್.

ಇಂಥದ್ದು ಎಲ್ಲಾದರೂ ನಡೆದಿತ್ತೇ? ಲೇಖಕಿಗೆ ಎಲ್ಲಿಂದ ಸಿಕ್ಕಿತು?

ಅಮೆರಿಕದಲ್ಲಿ ಇಂಥ ಲಾಟರಿ ನಡೆದಿಲ್ಲ. ಆದರೆ ಬಿಡಿ ಭಾಗಗಳೆಲ್ಲ ಮನುಷ್ಯರ ಚರಿತ್ರೆಯಲ್ಲಿ ಸಿಗುತ್ತವೆ. ಅತಿ ಹತ್ತಿರದ್ದು ಬೈಬಲ್ಲಿನ ಯೆಹೋಶುವನ ಪುಸ್ತಕದ 7ನೇ ಅಧ್ಯಾಯ. ಅಲ್ಲಿ ಮೊದಲು ಕುಲ, ಆಮೇಲೆ ಗೋತ್ರ, ಆಮೇಲೆ ಮನೆ, ಕೊನೆಗೆ ಒಬ್ಬ ವ್ಯಕ್ತಿ ಎಂದು ಜರಡಿ ಹಿಡಿಯುತ್ತ ಬಂದು ಆಕಾನ ಎಂಬವನನ್ನು ಹಿಡಿಯುತ್ತಾರೆ, ಕಲ್ಲೆಸೆದು ಕೊಲ್ಲುತ್ತಾರೆ. ಹಂತಗಳು ಹೆಚ್ಚುಕಡಿಮೆ ಅವೇ. ಆದರೆ ಆಕಾನ ಯೆರಿಕೋದ ಕೊಳ್ಳೆಯಲ್ಲಿ ಕದ್ದವನು, ಅಲ್ಲಿ ಚೀಟಿ ಹುಡುಕಿದ್ದು ತಪ್ಪಿತಸ್ಥನನ್ನು. ಜಾಕ್ಸನ್ ತಪ್ಪನ್ನು ತೆಗೆದುಹಾಕಿ ಹುಡುಕಾಟವನ್ನಷ್ಟೇ ಉಳಿಸಿಕೊಂಡರು. ಹಳೆಯ ಅಥೆನ್ಸ್‌ನಲ್ಲಿ ಬೇಸಿಗೆಯ ಆರಂಭದ ಥಾರ್ಗೇಲಿಯಾ ಹಬ್ಬದಲ್ಲಿ ಊರಿನ ಕೊಳೆಯನ್ನೆಲ್ಲ ಹೊರಿಸಿ ಕೆಲವರನ್ನು ಹೊರಗಟ್ಟುವ ಆಚರಣೆಯೂ ಇತ್ತು. ಜಾಕ್ಸನ್ ಅವರ ಪತಿ, ವಿಮರ್ಶಕ ಸ್ಟ್ಯಾನ್ಲಿ ಎಡ್ಗರ್ ಹೈಮನ್, ಪುರಾಣ ಮತ್ತು ಆಚರಣೆಗಳ ಅಧ್ಯಯನದಲ್ಲಿ ಮುಳುಗಿದ್ದವರು, ಬೆನಿಂಗ್ಟನ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ಮನೆಯಲ್ಲಿ ಈ ಮಾತು ಬೇಕಾದಷ್ಟಿತ್ತು.

ದಂಪತಿ ಇದ್ದದ್ದು ವರ್ಮಾಂಟ್ ರಾಜ್ಯದ ನಾರ್ತ್ ಬೆನಿಂಗ್ಟನ್ ಎಂಬ ಊರಿನಲ್ಲಿ. ಮಗಳನ್ನು ಸ್ಟ್ರೋಲರ್‌ನಲ್ಲಿ ಕೂರಿಸಿಕೊಂಡು, ದಿನಸಿ ಹೊತ್ತು ದಿಬ್ಬ ಹತ್ತುವಾಗ ಕಥೆ ಹೊಳೆಯಿತು ಎಂದು ಜಾಕ್ಸನ್ ಮುಂದೆ ಒಂದು ಉಪನ್ಯಾಸದಲ್ಲಿ ಹೇಳಿದರು. ಕಥೆಯೊಳಗೆ ಮಾತ್ರ ರಾಜ್ಯದ ಹೆಸರಿಲ್ಲ, ಇಸವಿಯೂ ಇಲ್ಲ. ಉತ್ತರಪತ್ರಿಕೆಯಲ್ಲಿ “ವರ್ಮಾಂಟಿನ ಹಳ್ಳಿ” ಎಂದು ಬರೆದರೆ ತಪ್ಪು.

ನಮ್ಮ ‘ಕೆರೆಗೆ ಹಾರ’ ಇದೇ ಅಲ್ಲವೇ?

ಕನ್ನಡದಲ್ಲಿ ಓದುವವರಿಗೆ ಭಾಗೀರಥಿ ನೆನಪಾಗದೆ ಇರುವುದಿಲ್ಲ, ಹೋಲಿಕೆಯೂ ಉಪಯುಕ್ತ. ಆದರೆ ಹೋಲುವುದಕ್ಕಿಂತ ಬೇರೆಯಾಗುವ ಜಾಗಗಳು ಹೆಚ್ಚು. ಮಲ್ಲನಗೌಡನಿಗೆ ಕಾರಣವಿದೆ: ಕಟ್ಟಿಸಿದ ಕೆರೆಗೆ ನೀರು ಬಂದಿಲ್ಲ. ಅಲ್ಲಿ ಚೀಟಿಯಿಲ್ಲ, ಹಿರಿಸೊಸೆಯನ್ನು ಬಿಟ್ಟು ಕಿರಿಸೊಸೆಯನ್ನು ಆರಿಸುವುದು ಮನೆಯವರೇ, ಮನೆತನದ ಲೆಕ್ಕ ಹಾಕಿ. ಆರಿಸಿದವರ ಮುಖ ನಮಗೆ ಕಾಣುತ್ತದೆ. ಬಲಿಯಾದ ಮೇಲೆ ಕೆರೆ ತುಂಬುತ್ತದೆ. ದಂಡಿನಿಂದ ಬಂದ ಗಂಡ ಅದೇ ಕೆರೆಗೆ ಹಾರುತ್ತಾನೆ, ಹಾಡು ಅವರಿಬ್ಬರಿಗಾಗಿ ಅಳುತ್ತದೆ. ಜಾಕ್ಸನ್ ಕಥೆಯಲ್ಲಿ ನೀರೂ ಇಲ್ಲ, ಅಳುವೂ ಇಲ್ಲ. ಬಿಲ್ ಹೆಂಡತಿಯ ಮುಷ್ಟಿ ಬಿಡಿಸಿ ಚೀಟಿ ಕಿತ್ತು ಜನರಿಗೆ ತೋರಿಸುತ್ತಾನೆ. ತರಗತಿಯಲ್ಲಿ ಎರಡನ್ನೂ ಒಟ್ಟಿಗೆ ಓದಿಸುವುದಾದರೆ ಇಬ್ಬರು ಗಂಡಂದಿರನ್ನು ಅಕ್ಕಪಕ್ಕ ನಿಲ್ಲಿಸಿ ಶುರು ಮಾಡಿ.

ಪ್ರಕಟವಾದಾಗ ಗಲಾಟೆ ಆಯಿತಂತೆ?

‘ದಿ ನ್ಯೂಯಾರ್ಕರ್’ ಪತ್ರಿಕೆಯ 1948ರ ಜೂನ್ 26ರ ಸಂಚಿಕೆಯಲ್ಲಿ ಬಂತು, ಅಂದರೆ ಕಥೆಯ ದಿನಾಂಕಕ್ಕೆ ಒಂದು ದಿನ ಮೊದಲು. ಆ ಬೇಸಿಗೆಯಲ್ಲಿ ಲೇಖಕಿಗೆ ತಲುಪಿದ ಪತ್ರಗಳು 300ಕ್ಕೂ ಹೆಚ್ಚು. ಒಳ್ಳೆಯ ಮಾತಿದ್ದವು 13, ಅವೂ ಹೆಚ್ಚಾಗಿ ಸ್ನೇಹಿತರವು ಎಂದು ಅವರೇ ಹೇಳಿಕೊಂಡಿದ್ದಾರೆ. ಸ್ವಂತ ತಾಯಿಯೂ ಕಥೆ ತಮಗೆ ಹಿಡಿಸಲಿಲ್ಲ ಎಂದು ಬರೆದರು. ಆ ಪತ್ರಿಕೆ ಆಗ ಕಥೆ, ವರದಿ ಎಂದು ಬೇರೆ ಹಣೆಪಟ್ಟಿ ಹಚ್ಚುತ್ತಿರಲಿಲ್ಲವಾದ್ದರಿಂದ ಕೆಲವರು ನಿಜವೆಂದೇ ನಂಬಿದರು. ಇಂಥ ಲಾಟರಿ ಎಲ್ಲಿ ನಡೆಯುತ್ತದೆ, ಹೋಗಿ ನೋಡಬಹುದೇ ಎಂದು ವಿಚಾರಿಸಿದವರೂ ಇದ್ದರು. ಬೈಗುಳದ ಪತ್ರಗಳಿಗಿಂತ ಭಯ ಹುಟ್ಟಿಸುವುದು ಇವೇ. ದಕ್ಷಿಣ ಆಫ್ರಿಕಾ ಕಥೆಯನ್ನು ನಿಷೇಧಿಸಿತು. ಅವರಿಗಾದರೂ ಅರ್ಥವಾಯಿತಲ್ಲ ಎಂಬುದು ಜಾಕ್ಸನ್ ಅವರ ಭಾವನೆಯಾಗಿತ್ತು.

ತರಗತಿಯಲ್ಲಿ ಅಥವಾ ಓದುಗರ ಕೂಟದಲ್ಲಿ ಹೇಗೆ ಓದಿಸುವುದು?

ಗಟ್ಟಿಯಾಗಿ ಓದಲು ಸುಮಾರು 25 ನಿಮಿಷ. 45 ನಿಮಿಷದ ಒಂದೇ ಪಿರಿಯಡ್‌ನಲ್ಲಿ ಓದಿ ಚರ್ಚೆಯನ್ನೂ ಮುಗಿಸಲು ಹೋದರೆ ಚರ್ಚೆ “ಅಯ್ಯೋ ಪಾಪ”ದಲ್ಲೇ ನಿಲ್ಲುತ್ತದೆ. ಎರಡು ಪಿರಿಯಡ್ ಮಾಡಿ. ಮೊದಲ ದಿನ ಬಿಲ್‌ಗೆ ಚುಕ್ಕೆ ಬಂದು ಟೆಸ್ಸಿ ಮೊದಲ ಸಲ ಕೂಗುವಲ್ಲಿ ನಿಲ್ಲಿಸಿ, ಬಹುಮಾನ ಏನಿರಬಹುದು ಎಂದು ಪ್ರತಿಯೊಬ್ಬರಿಂದ ಒಂದು ಸಾಲು ಬರೆಸಿ ಇಟ್ಟುಕೊಳ್ಳಿ. ಎರಡನೇ ದಿನ ಕೊನೆಯವರೆಗೆ ಓದಿ, ಆಮೇಲೆ ಮೊದಲ ಎರಡು ಪುಟಕ್ಕೆ ಮರಳಿ. ಜೇಬಿಗೆ ಕಲ್ಲು ತುಂಬಿಕೊಳ್ಳುವ ಹುಡುಗ, ಆ ಕಲ್ಲಿನ ಗುಡ್ಡೆಯಿಂದ ದೂರ ನಿಲ್ಲುವ ಗಂಡಸರು, ಪೆಟ್ಟಿಗೆ ಹಿಡಿಯಲು ಮುಂದೆ ಬಾರದ ಜನ: ಎಲ್ಲವೂ ಅಲ್ಲೇ ಇತ್ತು, ನಾವು ನೋಡಲಿಲ್ಲ. ಎರಡನೇ ಓದಿನ ಲಾಭ ಇದೇ.

ಮಕ್ಕಳಿಂದಲೇ ನಿಜವಾದ ಹೆಸರಿಟ್ಟು ಚೀಟಿ ಎತ್ತಿಸುವ ಆಟ ಬೇಡ. ಚುಕ್ಕೆ ಬಂದ ಹುಡುಗಿಯನ್ನು ಮುಂದೆ ಒಂದು ವಾರ ಯಾರು ಹೇಗೆ ಕರೆಯುತ್ತಾರೆ ಎಂಬುದು ಮೇಷ್ಟ್ರ ಕೈಯಲ್ಲಿರುವುದಿಲ್ಲ. ರಂಗದ ಮೇಲೆ ಓದುವುದಾದರೆ ಎಂಟು ದನಿ ಸಾಕು: ಸಮ್ಮರ್ಸ್, ಗ್ರೇವ್ಸ್, ಬಿಲ್, ಟೆಸ್ಸಿ, ವಾರ್ನರ್, ಆಡಮ್ಸ್, ಮಿಸೆಸ್ ಡೆಲಾಕ್ರಾಯ್, ಮಿಸೆಸ್ ಡನ್‌ಬಾರ್. ಸಮ್ಮರ್ಸ್ ಪಾತ್ರಧಾರಿ ಖಳನಟನ ದನಿ ತೆಗೆದರೆ ಇಡೀ ಪ್ರಯೋಗ ಕೆಡುತ್ತದೆ. ಮದುವೆ ಮನೆಯಲ್ಲಿ ಪಂಕ್ತಿ ನೋಡಿಕೊಳ್ಳುವವನ ಉತ್ಸಾಹ ಸಾಕು. ಕಲ್ಲೆಸೆತವನ್ನು ತೋರಿಸಬೇಡಿ. ಜಾಕ್ಸನ್ ಕೂಡ ಮೊದಲ ಏಟಿನ ಬಳಿಕ ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಕನ್ನಡಕ್ಕೆ ಅನುವಾದಿಸಿ ಆನ್‌ಲೈನಿನಲ್ಲಿ ಹಾಕಬಹುದೇ?

ಜಾಕ್ಸನ್ ತೀರಿಕೊಂಡದ್ದು 1965ರ ಆಗಸ್ಟ್‌ನಲ್ಲಿ. ಭಾರತದ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಲೇಖಕರ ಮರಣದ ಮುಂದಿನ ವರ್ಷದಿಂದ 60 ವರ್ಷ, ಆ ಲೆಕ್ಕದಲ್ಲಿ 2025ರ ಡಿಸೆಂಬರ್ ಕೊನೆಯವರೆಗೆ. ಅಮೆರಿಕದಲ್ಲಿ ಲೆಕ್ಕ ಬೇರೆ, ಪ್ರಕಟಣೆಯಿಂದ 95 ವರ್ಷ, ಅಂದರೆ 2043ರ ಕೊನೆಯವರೆಗೆ. ಇಲ್ಲಿ ಅಚ್ಚು ಮಾಡುವುದಕ್ಕೂ ಅಮೆರಿಕದಲ್ಲೂ ತೆರೆಯುವ ಜಾಲತಾಣದಲ್ಲಿ ಹಾಕುವುದಕ್ಕೂ ಇರುವ ವ್ಯತ್ಯಾಸ ಇದೇ. ಎರಡನೆಯದಕ್ಕೆ ಕೈ ಹಾಕುವ ಮೊದಲು ಹಕ್ಕುದಾರರಿಗೆ ಬರೆದು ಅನುಮತಿ ಕೇಳಿ. ಇಂಗ್ಲಿಷ್ ಮೂಲವನ್ನು ಸ್ಕ್ಯಾನ್ ಮಾಡಿ ಗುಂಪುಗಳಲ್ಲಿ ಹಂಚುವುದಂತೂ ಬೇಡ, ‘ದಿ ನ್ಯೂಯಾರ್ಕರ್’ ಜಾಲತಾಣದಲ್ಲಿ ಕಥೆ ಇದೆ, ಅದರ ಕೊಂಡಿ ಕಳಿಸಿದರಾಯಿತು.